ಹೊರಗೆ ನಿಲ್ಲಿ, ಸಿಸ್ಟರ್

ಮೂರನೆಯ ಸಲವೂ ಹಿರಿಯ ಡಾಕ್ಟರು ಅದನ್ನು ಉಗಿದುಬಿಟ್ಟರು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ, ಹೆಬ್ಬೆರಳಿನ ತುದಿಗಿಂತ ತುಸು ದೊಡ್ಡದಾದ ಆ ಹಲ್ಲಿನ ಎಕ್ಸ್‌ರೇಯ ಚಪ್ಪಟೆ ಬಿಲ್ಲೆ ತನ್ನ ಹಿಡಿಕಡ್ಡಿ, ತಂತಿಗಳ ಸಮೇತ ಅವರ ಎದೆಗೆ ಹೊದಿಸಿದ್ದ ಸೀಸದ ಏಪ್ರನ್ ಮೇಲೆ ಜಾರಿತು. ನೆಲಕ್ಕೆ ಬೀಳುವ ಮೊದಲೇ ಡಾಕ್ಟರ್ ಹುಡುಗಿ ಅದನ್ನು ಅಂಗೈಯಲ್ಲಿ ಹಿಡಿದುಕೊಂಡಳು.

"ಒಳ್ಳೇ ಕ್ಯಾಚು," ಎಂದರು ಪಕ್ಕದ ಮಂಚದಲ್ಲಿ ಕಾಲು ಚಾಚಿ ಕೂತಿದ್ದ ಕಂಡಕ್ಟರ್ ಅಜ್ಜ. ಬಸ್ಸಿನಿಂದ ಇಳಿದು ಎಷ್ಟೋ ಕಾಲವಾಗಿದ್ದರೂ ವೃದ್ಧರ ಆ ಮನೆಯಲ್ಲಿ ಅವರಿಗೆ ಹಳೆಯ ಕೆಲಸದ ಹೆಸರೇ ಉಳಿದಿತ್ತು.

"ನೀವು ಸ್ವಲ್ಪ ಸುಮ್ಮನಿರಿ ಅಜ್ಜ," ಎಂದರು ಬಾಗಿಲ ಬಳಿ ನಿಂತಿದ್ದ ಮೇಟ್ರನ್.

ಹುಡುಗಿ ಬಿಲ್ಲೆಗೆ ಹೊಸ ಪ್ಲಾಸ್ಟಿಕ್ ಸುತ್ತಿದಳು. ಬಾಯಿಗೆ ತಣ್ಣಗೆ ತಾಗಬಾರದೆಂದು ಅದನ್ನು ಮುಷ್ಟಿಯಲ್ಲಿ ಒಂದು ಗಳಿಗೆ ಬೆಚ್ಚಗೆ ಇಟ್ಟುಕೊಂಡಳು. "ಸರ್, ಇನ್ನೊಂದೇ ಸಲ. ಈ ಕಡ್ಡೀನ ಮೆಲ್ಲಗೆ ಕಚ್ಚಿ ಹಿಡ್ಕೊಳ್ಳಿ. ನೀವು ಉಸಿರೆಳೆದು ಬಿಡೋಷ್ಟರಲ್ಲಿ ಮುಗಿದಿರುತ್ತೆ."

"ಕಚ್ಚೋದಾ?" ಊದಿದ ಎಡಗೆನ್ನೆಯಿಂದಾಗಿ ಹಿರಿಯರ ಮಾತು ಬಾಯೊಳಗೇ ತೊಡರಿ ಬರುತ್ತಿತ್ತು. "ಫಿಲಮ್ಮು ಕಚ್ಚಿದ್ರೆ ಬಗ್ಗುತ್ತೆ. ಬೆರಳಲ್ಲಿ ಒತ್ತಿ ಹಿಡೀಬೇಕು. ಯಾವ ಕಾಲೇಜಮ್ಮ ನಿಂದು?"

ಹಾಗೆಂದವರೇ ತಮ್ಮ ಬಲಗೈಯ ತೋರುಬೆರಳನ್ನು ಬಾಯೊಳಗೆ ಹಾಕಿಕೊಂಡು ಹೇಗೆ ಹಿಡಿಯಬೇಕೆಂದು ತೋರಿಸಿದರು. ತೋರಿಸಲು ಬೆರಳೇ ಸಾಲಲಿಲ್ಲ. ಮೊದಲ ಗೆಣ್ಣಿನಿಂದಾಚೆಗೆ ಅದು ಇರಲಿಲ್ಲ. ಹುಡುಗಿ ಆ ಮೋಟು ಬೆರಳನ್ನು ನೋಡಿದಳು. ರೋಗಿಗಳ ಬಾಯಲ್ಲಿ ಎಕ್ಸ್‌ರೇ ಫಿಲ್ಮನ್ನು ತಾವೇ ಹಿಡಿದು ಹಿಡಿದು ಬೆರಳು ಕಳೆದುಕೊಂಡ ಹಳೆಯ ಡಾಕ್ಟರುಗಳ ವಿಚಾರವನ್ನು ಅವಳು ಓದಿದ್ದಳು, ಅಂಥ ಕೈಯನ್ನು ಮಾತ್ರ ಕಂಡಿರಲಿಲ್ಲ. ಆ ಕೈಯನ್ನು ಮೆತ್ತಗೆ ಕೆಳಗಿಳಿಸಿ ಏಪ್ರನ್ ಅಡಿಯಲ್ಲಿ ಸೇರಿಸಿದಳು, ಮಗುವಿನ ಕೈಯನ್ನು ಹೊದಿಕೆಯೊಳಗೆ ಸೇರಿಸುವ ಹಾಗೆ.

ಹಿರಿಯ ಡಾಕ್ಟರು ಊಟ ಬಿಟ್ಟು ವಾರವಾಗುತ್ತ ಬಂದಿತ್ತು. ಗಂಜಿಯನ್ನು ಕುಡಿಸಿದರೆ ಅರ್ಧ ಕುಡಿದು ಕೆನ್ನೆ ಹಿಡಿದುಕೊಂಡು ಅಳುತ್ತಿದ್ದರು. ಎಡಗಡೆಯ ಕೆಳದವಡೆಯಲ್ಲಿ ಮೂರು ಹಲ್ಲುಗಳಿಗೆ ಸೇರಿ ಸೇತುವೆಯಂತೆ ಒಂದೇ ಕವಚ ಕೂರಿಸಿತ್ತು. ಕೀವು ಯಾವ ಬೇರಿನಲ್ಲಿದೆ ಎಂಬುದು ಹೊರಗಿನಿಂದ ಗೊತ್ತಾಗುವಂತಿರಲಿಲ್ಲ. ಒಂದೊಂದನ್ನೇ ಮೆಲ್ಲಗೆ ತಟ್ಟಿ ಕೇಳಿದರೆ ಎಲ್ಲ ಹಲ್ಲಿಗೂ "ಇಲ್ಲ, ಇಲ್ಲ" ಎನ್ನುತ್ತಿದ್ದರು. ನೋಯುತ್ತಿರುವುದು ತಮ್ಮ ಹಲ್ಲೇ ಎಂಬುದು ಅವರಿಗೆ ಕೆಲವು ಸಲ ತಿಳಿಯುತ್ತಿತ್ತು, ಕೆಲವು ಸಲ ಇಲ್ಲ. ಆಗ "ರೋಗೀನ ಒಳಗೆ ಕಳಿಸಿ," ಎಂದುಬಿಡುತ್ತಿದ್ದರು.

ಆಸ್ಪತ್ರೆಗೆ ಬರಲಾಗದವರ ಬಳಿಗೆ ಎಕ್ಸ್‌ರೇ ಯಂತ್ರವನ್ನೇ ಪೆಟ್ಟಿಗೆಯಲ್ಲಿ ಹೊತ್ತು ತರುವುದು ಈ ಹುಡುಗಿಯ ಕೆಲಸ. ಕೂದಲು ಒಣಗಿಸುವ ಯಂತ್ರದಂತೆ ಕೈಯಲ್ಲಿ ಹಿಡಿಯುವಂಥದು, ಮುಂದೆ ಒಂದು ಮೊಂಡು ಮೂತಿ, ಮೂತಿಯ ಸುತ್ತ ಊಟದ ತಟ್ಟೆಯಷ್ಟು ಅಗಲದ ಗಾಜಿನಂಥ ತಟ್ಟೆ. ಅವಳು ಯಂತ್ರವನ್ನು ಎದೆಯ ಮಟ್ಟಕ್ಕೆ ಎತ್ತಿದಾಗ ಆ ತಟ್ಟೆ ಮಂಚದ ಕಂಬಿಗೆ ಬಡಿಯಿತು.

"ಅದು ಅಡ್ಡ ಬರ್ತಿದೆ ಡಾಕ್ಟ್ರೇ. ಬಿಚ್ಚಿಟ್ಟುಬಿಡಿ," ಎಂದರು ಮೇಟ್ರನ್.

"ಅದನ್ನ ಬಿಚ್ಚಿದ್ರೆ ನಾನು ಇಲ್ಲಿ ನಿಲ್ಲೋ ಹಾಗಿಲ್ಲ ಮೇಡಂ. ಕಿರಣ ಅವರ ಮುಖಕ್ಕೆ ತಾಗಿ ನನ್ನ ಕಡೆ ವಾಪಸ್ ಚೆದುರುತ್ತಲ್ಲ, ಅದನ್ನ ತಡೆಯೋದು ಈ ತಟ್ಟೆ. ಇದರ ಮರೇಲಿ ನಿಂತ್ರೆ ಮಾತ್ರ ನನಗೆ ಭಯ ಇಲ್ಲ."

"ಛತ್ರಿ ಇದ್ದ ಹಾಗೆ ಅನ್ನಿ."

"ಹಾಗೇ. ಅಡ್ಡ ಬರುತ್ತೆ ಅಂತ ಮಳೇಲಿ ಛತ್ರಿ ಮಡಚಿದ್ರೆ ಆಯ್ತಾ? ಬನ್ನಿ, ಮಂಚಾನೇ ಸ್ವಲ್ಪ ಈಚೆ ಎಳೆಯೋಣ."

ಇಬ್ಬರೂ ಸೇರಿ ಮಂಚ ಎಳೆದರು. ಹುಡುಗಿ ಎದೆಯ ಮೇಲಿನ ಪುಟ್ಟ ಬ್ಯಾಡ್ಜನ್ನು ಮುಟ್ಟಿ ನೋಡಿಕೊಂಡಳು. ಅವಳ ಮೈಗೆ ಎಷ್ಟು ಕಿರಣ ತಾಗಿದೆ ಎಂಬುದನ್ನು ಅದು ತನ್ನೊಳಗೆ ಉಳಿಸಿಕೊಳ್ಳುತ್ತದೆಂದು ಮೇಟ್ರನ್‌ಗೆ ಆಗಲೇ ವಿವರಿಸಿದ್ದಳು. "ನಾನೊಬ್ಬಳು ಬಿಟ್ಟು ಬೇರೆ ಯಾರೂ ಕೋಣೇಲಿ ಬೇಡ. ಅಜ್ಜ, ನೀವೂ ಹೊರಗೆ."

"ಮುಂದೆ ಹೋಗಿ, ಮುಂದೆ ಹೋಗಿ ಅಂತ ಜನ್ಮವಿಡೀ ನಾನು ಹೇಳಿದ್ದೇ ಆಯ್ತು," ಎಂದು ಗೊಣಗುತ್ತ ಕಂಡಕ್ಟರ್ ಅಜ್ಜ ಊರುಗೋಲು ಹಿಡಿದು ಎದ್ದರು. "ಈಗ ನನಗೇ ಹೇಳೋರು ಬಂದ್ರು. ರೈಟ್, ರೈಟ್."

ಅವರಿಗಿಂತ ಮೊದಲೇ, ಯಾರೂ ಹೇಳದೆಯೇ, ಹೊಸ್ತಿಲಲ್ಲಿ ನಿಂತಿದ್ದ ಇನ್ನೊಬ್ಬ ಹೆಂಗಸು ಸರಿದು ಹೋಗಿ ಗೋಡೆಯ ಆಚೆ ನಿಂತಾಗಿತ್ತು. ಮಾಸಲು ಹಸಿರು ಸೀರೆ, ಕೈಯಲ್ಲೊಂದು ಸ್ಟೀಲಿನ ಡಬ್ಬಿ, ಅದರಲ್ಲಿ ಬೇಯಿಸಿ ನುಣ್ಣಗೆ ಹಿಸುಕಿದ ಸೇಬು. ಅವಳ ಕಾಲುಗಳಿಗೆ ಈ ಅಭ್ಯಾಸ ಎಷ್ಟು ಹಳೆಯದೆಂದರೆ, ಹೊರಗೆ ಬಂದು ನಿಂತ ಮೇಲೆಯೇ ಅವಳಿಗೆ ತಾನು ಬಂದದ್ದು ತಿಳಿದದ್ದು.

ಅವಳನ್ನು ಎಲ್ಲರೂ ಹತ್ತಿಯಕ್ಕ ಎನ್ನುತ್ತಿದ್ದರು. ಹಿರಿಯ ಡಾಕ್ಟರ ಹಲ್ಲಿನ ಕ್ಲಿನಿಕ್ಕಿನಲ್ಲಿ ಮಕ್ಕಳ ಕೆನ್ನೆಯೊಳಗೆ ಹತ್ತಿಯ ಉಂಡೆ ಇಡುತ್ತ "ನೋಡು, ಅಳಿಲಿನ ಹಾಗಾದೆ" ಎಂದು ಕನ್ನಡಿ ಹಿಡಿಯುತ್ತಿದ್ದವಳು. ಆ ಮಕ್ಕಳು ಇಟ್ಟ ಹೆಸರು ಅದು. ಅವರು ದೊಡ್ಡವರಾಗಿ ತಮ್ಮ ಮಕ್ಕಳನ್ನು ಕರೆತಂದಾಗ ಅವರಿಗೂ ಅದನ್ನೇ ಕಲಿಸಿದರು. ಡಾಕ್ಟರು ಮಾತ್ರ ಮೊದಲ ದಿನದಿಂದ ಕೊನೆಯ ದಿನದವರೆಗೆ "ಸಿಸ್ಟರ್" ಎಂದೇ ಕರೆದರು. ಅವಳು ನರ್ಸಿಂಗ್ ಓದಿದವಳಲ್ಲ. ಡಿಗ್ರಿ ಮುಗಿಸಿ, ಬೇರೆ ಕೆಲಸ ಸಿಗುವ ತನಕ ಎಂದು ಬಂದು ಕೂತವಳು.

ಬಂದ ಎರಡನೆಯ ವರ್ಷ ಡಾಕ್ಟರ ಹೆಂಡತಿ ತೀರಿಕೊಂಡರು. ಮಕ್ಕಳಿರಲಿಲ್ಲ. ಅಲ್ಲಿಂದ ಮುಂದೆ ಅವರು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುವುದನ್ನು ಬಿಟ್ಟು ಕ್ಲಿನಿಕ್ಕಿಗೇ ಡಬ್ಬಿ ತರತೊಡಗಿದರು. ಅವರು ಹಿಂದಿನ ಕೋಣೆಯಲ್ಲಿ, ಇವಳು ಮುಂದಿನ ಕೋಣೆಯಲ್ಲಿ, ನಡುವಿನ ಬಾಗಿಲು ತೆರೆದೇ ಇರುತ್ತಿತ್ತು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ತುತ್ತಿನ ನಡುವೆ ಅವರು ಅಲ್ಲಿಂದಲೇ ಕೇಳುತ್ತಿದ್ದರು: "ಉಪ್ಪು ಸರಿ ಇದೆಯಾ ಸಿಸ್ಟರ್?" ಅವರ ಡಬ್ಬಿ ಅವರದು, ಇವಳ ಡಬ್ಬಿ ಇವಳದು. ಆದರೂ ಒಂದೇ ಅಡುಗೆ ಉಣ್ಣುತ್ತಿರುವವರಂತೆ ಕೇಳುವರು. "ಸರಿ ಇದೆ ಡಾಕ್ಟ್ರೇ," ಎನ್ನುವಳು ಇವಳು. ಮನೆಯಲ್ಲಿ ಅಮ್ಮ ಮದುವೆಯ ಮಾತೆತ್ತಿದಾಗಲೆಲ್ಲ "ಮುಂದಿನ ವರ್ಷ ನೋಡೋಣ" ಎಂದು ತನ್ನಿಂದ ಹೇಳಿಸುತ್ತಿದ್ದದ್ದು ಆ ಉಪ್ಪಿನ ಪ್ರಶ್ನೆಯೇ ಎಂದು ಅವಳಿಗೆ ಬಹಳ ತಡವಾಗಿ ತಿಳಿಯಿತು. ಅಷ್ಟರಲ್ಲಿ ಅಮ್ಮ ಕೇಳುವುದನ್ನು ಬಿಟ್ಟಿದ್ದಳು. ಆಮೇಲೆ ಅಮ್ಮನೇ ಇರಲಿಲ್ಲ.

ಅಲ್ಲಿನ ಎಕ್ಸ್‌ರೇ ಯಂತ್ರ ಗೋಡೆಗೆ ಬಿಗಿದಿದ್ದ ದೊಡ್ಡ ತೋಳಿನದು. ಫಿಲ್ಮನ್ನು ರೋಗಿಯ ಬಾಯಲ್ಲಿಟ್ಟ ಕೂಡಲೇ ಡಾಕ್ಟರು ತಲೆಯೆತ್ತದೆ ಹೇಳುವರು: "ಹೊರಗೆ ನಿಲ್ಲಿ, ಸಿಸ್ಟರ್." ಇವಳು ಹೊರಗೆ ಬಂದು, ಭಾರದ ಬಾಗಿಲನ್ನು ಎರಡೂ ಕೈಯಿಂದ ಎಳೆದು, ಸ್ಟೂಲಿನ ಮೇಲೆ ಕೂರುವಳು. ದೊಡ್ಡವರಾದರೆ ಡಾಕ್ಟರೂ ಸ್ವಿಚ್ಚಿನ ಸುರುಳಿ ತಂತಿ ಹಿಡಿದು ಮರೆಗೆ ಹೋಗುತ್ತಿದ್ದರು. ಪುಟ್ಟ ಮಕ್ಕಳಾದರೆ ಹೋಗುತ್ತಿರಲಿಲ್ಲ, ತಾವೇ ಬೆರಳಿಟ್ಟು ಹಿಡಿಯುತ್ತಿದ್ದರು. "ಒಂದೇ ಒಂದು ಕ್ಷಣ, ಏನಾಗುತ್ತೆ," ಎನ್ನುವುದು ಅವರ ವಾದ. ಒಂದೊಂದು ಕ್ಷಣವೂ ಎಲ್ಲಿಗೂ ಹೋಗದೆ ಬೆರಳಲ್ಲೇ ಕೂಡಿಕೊಳ್ಳುತ್ತಿತ್ತು. ಮೊದಲು ಉಗುರಿಗೆ ಗೆರೆಗಳು ಬಿದ್ದವು. ಆಮೇಲೆ ಮಾಯದ ಒಂದು ಹುಣ್ಣು, ಕೊನೆಗೆ ಬೆರಳಿನ ತುದಿಯನ್ನೇ ಕತ್ತರಿಸಬೇಕಾಯಿತು. ಅದು ಇನ್ನೂ ಹುಣ್ಣಾಗಿದ್ದಾಗಲೇ ಒಂದು ದಿನ ಇವಳು ಧೈರ್ಯ ಮಾಡಿ, "ಇವತ್ತು ನಾನು ಹಿಡೀತೀನಿ ಡಾಕ್ಟ್ರೇ," ಎಂದಿದ್ದಳು.

"ಒಂದು ಸಲ ಹೇಳಿದ್ರೆ ಅರ್ಥ ಆಗಲ್ವಾ? ಹೊರಗೆ," ಎಂದು ಗದರಿದ್ದರು. ಮಗುವಿನ ತಾಯಿಯ ಎದುರಿಗೇ. ಆ ಮಧ್ಯಾಹ್ನ ಉಪ್ಪಿನ ಬಗ್ಗೆ ಯಾರೂ ಕೇಳಲಿಲ್ಲ. ತಾನು ಆ ಮನುಷ್ಯನಿಗೆ ಬಾಗಿಲ ಆಚೆಯವಳು, ಅಷ್ಟೇ ಎಂದು ಅವಳು ಅಂದು ತೀರ್ಮಾನಿಸಿಕೊಂಡಳು. ತೀರ್ಮಾನಿಸಿಕೊಂಡೂ ಮರುದಿನ ಸರಿಯಾದ ಹೊತ್ತಿಗೆ ಕೆಲಸಕ್ಕೆ ಬಂದಳು.

ಡಾಕ್ಟರಿಗೆ ಮರೆವು ಹೆಚ್ಚಾಗಿ ಕ್ಲಿನಿಕ್ ಮುಚ್ಚಿದಾಗ ಸಾಮಾನು ಸಾಗಿಸಲು ಬಂದ ಆಳುಗಳು ಆ ಬಾಗಿಲನ್ನು ಕೀಲಿನಿಂದ ಬಿಡಿಸಿ ಎತ್ತಲಾರದೆ ಕೆಳಗಿಟ್ಟರು. "ಏನಕ್ಕ ಇದು, ಆನೆ ಬಾಗಿಲು," ಎಂದು ಒಬ್ಬ ಮರದ ಹಲಗೆ ಸೀಳಿದ. ಒಳಗೆ ಕಿರಣ ದಾಟದಂಥ ಬೂದು ಬಣ್ಣದ ಸೀಸದ ತಗಡು ಇತ್ತು. ಪಕ್ಕದ ಗೋಡೆಯಲ್ಲೂ ಇತ್ತು, ಗೋಡೆಯುದ್ದಕ್ಕೂ ಅಲ್ಲ, ಅವಳ ಸ್ಟೂಲು ಇದ್ದ ಕಡೆ ಮಾತ್ರ, ಕೂತವಳ ತಲೆಗಿಂತ ತುಸು ಎತ್ತರದವರೆಗೆ. ಅದನ್ನು ಅವರು ಯಾವಾಗ ಹಾಕಿಸಿದರೋ ಅವಳಿಗೆ ಗೊತ್ತಿರಲಿಲ್ಲ. ಅವಳು ತಗಡಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು, ಆಳುಗಳು ಬೀಡಿ ಸೇದಿ ಮುಗಿಸುವವರೆಗೆ. ಇದನ್ನು ಅವರಿಗೆ ಹೇಳಬೇಕಿತ್ತು. ಹೇಳಿದರೆ ತಿಳಿದುಕೊಳ್ಳಬಲ್ಲ ಡಾಕ್ಟರು ಆ ಹೊತ್ತಿಗೆ ಇರಲಿಲ್ಲ.

ಆಗಿನಿಂದ ವಾರಕ್ಕೊಮ್ಮೆ, ಭೇಟಿಯ ಮಧ್ಯಾಹ್ನ, ಅವಳು ಇಲ್ಲಿಗೆ ಬರುತ್ತಿದ್ದಳು. ಸಂಬಂಧಿಕರಿಗೆ ಕೋಣೆಯೊಳಗೆ ಪ್ರವೇಶ, ಪರಿಚಯದವರಿಗೆ ಹೊರಗಿನ ಹಾಲಿನಲ್ಲಿ ಮಾತ್ರ. ಹಾಲಿನ ಬೆತ್ತದ ಕುರ್ಚಿಯಲ್ಲಿ ಎದುರುಬದುರು ಕೂತು ಡಾಕ್ಟರು ಅವಳನ್ನು ಪ್ರತಿ ಸಲವೂ ಕೇಳುತ್ತಿದ್ದರು: "ಹೇಳಿ, ಯಾವ ಹಲ್ಲು?" ಅವಳು ಯಾವುದಾದರೊಂದು ಹಲ್ಲು ತೋರಿಸಿ ಬಾಯಿ ತೆರೆಯುವಳು. ಅವರು ಕತ್ತು ವಾಲಿಸಿ, ಬೆಳಕಿಗೆ ಅವಳ ಗಲ್ಲವನ್ನು ತಿರುಗಿಸುವಂತೆ ಗಾಳಿಯಲ್ಲೇ ಕೈಯಾಡಿಸಿ, ಗಮನವಿಟ್ಟು ನೋಡಿ ಹೇಳುವರು: "ಗಾಬರಿ ಬೇಡ. ಮುಂದಿನ ವಾರ ಬನ್ನಿ." ಅವಳು ಬರುವಳು. ತಾನು ಯಾರೆಂದು ಒಮ್ಮೆಯಾದರೂ ಅವರಿಗೆ ಹೊಳೆದೀತೆಂದು ಬರುವಳು. ಹೊಳೆಯಲಿಲ್ಲ. ಈ ಸಲ ಅವರು ಹಾಲಿಗೆ ಬರುವ ಸ್ಥಿತಿಯಲ್ಲಿರದಿದ್ದರಿಂದ ಮೇಟ್ರನ್ ಅವಳನ್ನು ಹೊಸ್ತಿಲ ತನಕ ಬಿಟ್ಟಿದ್ದರು.

ಕೋಣೆಯೊಳಗಿನಿಂದ ಮತ್ತೊಮ್ಮೆ ಥೂ ಎಂದ ಸದ್ದು ಬಂತು. ಹುಡುಗಿ ಹೊರಗೆ ಬಂದು ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡಳು.

"ಆಗ್ತಿಲ್ಲ ಮೇಡಂ. ಯಾರಾದ್ರೂ ಪಕ್ಕದಲ್ಲಿ ನಿಂತು ಕಡ್ಡಿ ಹಿಡ್ಕೊಂಡ್ರೆ ಆಗಬಹುದು."

"ಆಯಾನ ಕರೀಲಾ? ಗಟ್ಟಿಗಿತ್ತಿ ಅವಳು."

"ಬೇಡ. ಇವತ್ತು ಇವರಿಗೆ ಹಿಡೀತಾಳೆ, ಮುಂದಿನ ಸಲ ಇನ್ನೊಬ್ಬರಿಗೆ ನೀವೇ ಕಳಿಸ್ತೀರಿ. ಆಮೇಲೆ ಅದು ಅವಳ ಕೆಲಸವೇ ಆಗಿಬಿಡುತ್ತೆ. ಒಳಗಿರೋರ ಬೆರಳು ನೋಡಿದ್ರಲ್ಲ. ನಾನೂ ಹಿಡಿಯೋ ಹಾಗಿಲ್ಲ, ಇಲ್ಲಿ ಕೆಲಸ ಮಾಡೋರೂ ಹಿಡಿಯೋ ಹಾಗಿಲ್ಲ. ತೀರಾ ಬೇರೆ ದಾರಿ ಇಲ್ಲ ಅಂದ್ರೆ ಅವರ ಮನೆಯೋರು ಒಬ್ಬರು, ಒಂದೇ ಸಲ, ಏಪ್ರನ್ ಗ್ಲೌಸ್ ಎಲ್ಲ ಹಾಕ್ಕೊಂಡು. ಮನೆಯೋರು ಯಾರಿದಾರೆ?"

"ತಮ್ಮನ ಮಗ ಒಬ್ಬ. ದೂರದಲ್ಲಿರೋದು. ಫೋನಲ್ಲೇ ಎಲ್ಲ." ಮೇಟ್ರನ್ ದನಿ ತಗ್ಗಿಸಿದರು. "ಆಗದಿದ್ರೆ ದೊಡ್ಡಾಸ್ಪತ್ರೆಗೆ ಹಾಕಿ, ಪ್ರಜ್ಞೆ ತಪ್ಪಿಸಿ ಮಾಡಿಸಿ ಅಂದ. ಗಾಡಿಗೂ ಹೇಳಿದೀನಿ, ನಾಳೆ ಬೆಳಿಗ್ಗೆ ಬರುತ್ತೆ. ಆದ್ರೆ ಹೃದಯದ ಡಾಕ್ಟ್ರು ಬೇಡವೇ ಬೇಡ ಅಂತಿದಾರೆ. ಮಲಗಿಸಿದ್ರೆ ಏಳ್ತಾರೋ ಇಲ್ವೋ ಹೇಳಕ್ಕಾಗಲ್ಲ ಅಂದ್ರು."

ಹತ್ತಿಯಕ್ಕ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ಹುಡುಗಿ ಆಗಲೇ ಅವಳನ್ನು ಸರಿಯಾಗಿ ನೋಡಿದ್ದು.

"ನೀವು ಅವರಿಗೆ ಏನಾಗಬೇಕು?"

"ಏನೂ ಇಲ್ಲಮ್ಮ," ಎಂದಳು ಹತ್ತಿಯಕ್ಕ. ಯಾರು ಕೇಳಿದರೂ ಅದೇ ಉತ್ತರ ಹೇಳಿ ಅವಳ ನಾಲಗೆಗೆ ರೂಢಿಯಾಗಿತ್ತು. "ಅವರ ಕ್ಲಿನಿಕ್ಕಲ್ಲಿ ಕೆಲಸಕ್ಕಿದ್ದೆ."

"ಈಗಲೂ ಎಲ್ಲಾದ್ರೂ ಈ ಕೆಲಸ ಮಾಡ್ತೀರಾ?"

"ಇಲ್ಲ. ಅಲ್ಲಿಂದ ಬಂದ ಮೇಲೆ ಎಲ್ಲೂ ಹೋಗಲಿಲ್ಲ."

"ಬಿಡಿ ಅಮ್ಮ. ಸಂಬಂಧ ಇಲ್ಲದೋರನ್ನ ಇಂಥದಕ್ಕೆ ಕರೆಯೋದು ನ್ಯಾಯ ಅಲ್ಲ," ಎಂದು ಹುಡುಗಿ ಒಳಗೆ ಹೋಗಿ ತಂತಿಯನ್ನು ಸುತ್ತತೊಡಗಿದಳು. ಮಂಚದ ಮೇಲೆ ಹಿರಿಯ ಡಾಕ್ಟರು ಕೆನ್ನೆಯನ್ನು ಏಪ್ರನ್ ಅಂಚಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದರು. ಅಳುತ್ತಿರಲಿಲ್ಲ, ರೆಪ್ಪೆಯ ಸಂದಿಯಿಂದ ನೀರು ತಾನಾಗಿ ಇಳಿಯುತ್ತಿತ್ತು. ತಂತಿ ಹುಡುಗಿಯ ಅಂಗೈಯ ಸುತ್ತ ಒಂದು ಸುತ್ತು ಬಂತು, ಎರಡು ಸುತ್ತು ಬಂತು.

"ತಡಿಯಮ್ಮ," ಎಂದಳು ಹತ್ತಿಯಕ್ಕ.

ಹೊಸ್ತಿಲಿಗೆ ಬಂದು ನಿಂತಳು. ಮುಖ ಕೆಂಪಾಗಿತ್ತು, ಈ ವಯಸ್ಸಿನಲ್ಲಿ ಹಾಗಾಗಬಹುದೆಂದು ಅವಳಿಗೇ ಗೊತ್ತಿರಲಿಲ್ಲ. "ನಾನು ಈಗ ಹೇಳಿದ್ದು ಸರಿ ಇಲ್ಲ. ನಾನು ಅವರಿಗೆ ಬೇಕಾದವಳು. ನನ್ನ ಕೈಲಿ ಹಿಡಿಸು."

ಹುಡುಗಿ ಮೇಟ್ರನ್ ಕಡೆ ನೋಡಿದಳು. ಹಾಲಿನ ಗಡಿಯಾರ ನೋಡಿಕೊಂಡು "ಟೈಮಾಯ್ತು" ಎಂದು ಹತ್ತಿಯಕ್ಕನನ್ನು ವಾರ ವಾರವೂ ಎಬ್ಬಿಸುತ್ತಿದ್ದವರು ಇದೇ ಮೇಟ್ರನ್.

"ಹೌದು ಡಾಕ್ಟ್ರೇ," ಎಂದರು ಮೇಟ್ರನ್. "ಇವರಿಗಿಂತ ಹತ್ತಿರದೋರು ಬೇರೆ ಯಾರೂ ಇಲ್ಲ ಅವರಿಗೆ." ಕೈ ಚಾಚಿ ಹತ್ತಿಯಕ್ಕನ ಕೈಯಿಂದ ಡಬ್ಬಿ ತೆಗೆದುಕೊಂಡರು. "ಕೊಡಿ ಇದನ್ನ. ಬಿಸಿ ಮಾಡಿಸಿ ಇಡ್ತೀನಿ."

ಹುಡುಗಿ ಪೆಟ್ಟಿಗೆಯಿಂದ ಇನ್ನೊಂದು ಏಪ್ರನ್ ತೆಗೆದಳು, ದಪ್ಪನೆಯ ಸೀಸದ ಗ್ಲೌಸ್ ತೆಗೆದಳು. "ಒಂದು ಕೇಳಲೇಬೇಕು ಅಮ್ಮ, ನಿಯಮ. ನೀವು ಬಸುರಿ ಅಲ್ಲ ತಾನೇ?"

ಹತ್ತಿಯಕ್ಕ ಅವಳ ಮುಖ ನೋಡಿ ನಕ್ಕುಬಿಟ್ಟಳು. "ಈ ಪ್ರಶ್ನೇನ ನನ್ನ ಯಾರೂ ಯಾವತ್ತೂ ಕೇಳಿರಲಿಲ್ಲ ಕಣಮ್ಮ. ಅಲ್ಲ. ಧೈರ್ಯವಾಗಿ ಇರು."

"ಕೇಳಿದ್ದು ತಪ್ಪಾಯ್ತೇನೋ."

"ತಪ್ಪೇನು ಬಂತು. ಕೇಳಿದ್ಯಲ್ಲ, ಅದೇ ಹೆಚ್ಚು."

ಏಪ್ರನ್ ಹೆಗಲಿಗೆ ಬಂದಾಗ ಅವಳು ತುಸು ಬಾಗಿದಳು. ಹುಡುಗಿ ಎಲ್ಲಿ ನಿಲ್ಲಬೇಕೆಂದು ತೋರಿಸಿದಳು: ಯಂತ್ರದ ಮೂತಿ ಎಡಗಡೆಯಿಂದ ಬರುತ್ತದೆ, ಇವಳು ತಲೆದಿಂಬಿನ ಬಲಗಡೆ, ಮೂತಿಗೆ ನೇರವಾಗಿ ಅಲ್ಲ, ಸ್ವಲ್ಪ ಹಿಂದಕ್ಕೆ. ಮೈ ಹಿಂದೆ, ಕೈ ಮಾತ್ರ ಮುಂದೆ. ಹಿಡಿಯಬೇಕಾದ್ದು ಕಡ್ಡಿಯ ತುದಿಯನ್ನು, ಬಾಯೊಳಗೆ ಬೆರಳು ಹಾಕುವಂತೆಯೇ ಇಲ್ಲ. "ನಾನು ಈಗ ಅಂದಾಗ ಮುಖ ಆ ಕಡೆ ತಿರುಗಿಸಿ. ಟಿಕ್ ಅನ್ನುತ್ತೆ, ಅಷ್ಟೇ."

"ಅವರ ಹತ್ರ ಇದ್ದಾಗ ಅದು ಟಿಕ್ ಅಂದಿದ್ದು ನಾನು ಕೇಳೇ ಇಲ್ಲ," ಎಂದಳು ಹತ್ತಿಯಕ್ಕ. "ಬಾಗಿಲು ಅಷ್ಟು ದಪ್ಪ."

ಅವಳ ದನಿ ಅಷ್ಟು ಹತ್ತಿರದಿಂದ ಕೇಳಿದ್ದಕ್ಕೋ ಏನೋ, ಹಿರಿಯ ಡಾಕ್ಟರು ಕಣ್ಣು ತೆರೆದರು. ಯಂತ್ರ ನೋಡಿದರು. ಹುಡುಗಿಯ ಕೈಯಲ್ಲಿದ್ದ ಬಿಲ್ಲೆ ನೋಡಿದರು. ಏಪ್ರನ್ ತೊಟ್ಟು ತಲೆದಿಂಬಿನ ಪಕ್ಕ ನಿಂತವಳನ್ನು ನೋಡಿದರು, ಅಡಿಯಿಂದ ಮುಡಿಯವರೆಗೆ. ಅವರ ಹುಬ್ಬು ಗಂಟಿಕ್ಕಿತು.

"ನೀವ್ಯಾಕೆ ಇಲ್ಲಿದೀರಿ?" ಎಂದರು. "ಹೊರಗೆ ನಿಲ್ಲಿ, ಸಿಸ್ಟರ್."

ಹತ್ತಿಯಕ್ಕ ಮಂಚದ ಕಂಬಿಯನ್ನು ಹಿಡಿದುಕೊಂಡಳು. ಹುಡುಗಿಗೆ ಏನೂ ಅರ್ಥವಾಗಲಿಲ್ಲ. ಆದರೂ ಅವಳು ಯಂತ್ರವನ್ನು ಕೆಳಗಿಳಿಸಿದಳು.

"ಡಾಕ್ಟ್ರೇ," ಎಂದಳು ಹತ್ತಿಯಕ್ಕ. ಇನ್ನೇನೋ ಹೇಳಬೇಕಿತ್ತು. ಬಾಗಿಲಿನ ಬಗ್ಗೆ, ಗೋಡೆಯ ಬಗ್ಗೆ. ಬಾಯಿಗೆ ಬಂದದ್ದು ಬೇರೆ. "ಇವತ್ತೊಂದು ದಿನ ಇಲ್ಲೇ ಇರ್ತೀನಿ."

"ಹುಡುಗಾಟನಾ? ಹೊರಗೆ ಅಂದೆ." ಅವರು ಹಲ್ಲು ಕಚ್ಚಿ ತುಟಿ ಬಿಗಿದುಕೊಂಡರು. ಈಗ ಬಾಯಿಯೇ ತೆರೆಯಲಿಲ್ಲ. ಅವಳು ಕೋಣೆಯಲ್ಲಿ ಇರುವವರೆಗೆ ತೆರೆಯುವುದಿಲ್ಲ ಎಂಬುದು ಆ ಮುಖದಲ್ಲಿ ಸ್ಪಷ್ಟವಾಗಿತ್ತು.

"ಹೋಗಿಬಿಡಲಾ?" ಎಂದು ಹತ್ತಿಯಕ್ಕ ಹುಡುಗಿಯನ್ನು ಪಿಸುದನಿಯಲ್ಲಿ ಕೇಳಿದಳು.

"ನೀವು ಹೋದ್ರೆ ಹಿಡಿಯೋರಿಲ್ಲ."

ಹತ್ತಿಯಕ್ಕ ಬಗ್ಗಿದಳು. ಅವರ ಕಣ್ಣಿನ ಮಟ್ಟಕ್ಕೆ ಮುಖ ತಂದು, ಗದರುವ ಡಾಕ್ಟರಿಗೆ ಸಾಮಾನು ಒಪ್ಪಿಸುವ ದನಿಯಲ್ಲಿ ಹೇಳಿದಳು: "ಏಪ್ರನ್ ಹಾಕಿದೀನಿ ಡಾಕ್ಟ್ರೇ. ನೋಡಿ, ಗ್ಲೌಸ್ ಹಾಕಿದೀನಿ. ಕಡ್ಡೀಲಿ ಹಿಡಿಯೋದು, ಬೆರಳು ಒಳಗಿಲ್ಲ. ಮೂತಿಗೆ ನೇರ ನಿಂತಿಲ್ಲ. ನೀವೇ ಒಂದು ಸಲ ನೋಡಿಬಿಡಿ, ಸರಿ ಇದೆಯಾ ಅಂತ."

ಹಿರಿಯ ಡಾಕ್ಟರು ನೋಡಿದರು. ಏಪ್ರನ್ ಅಡಿಯಿಂದ ಮೆಲ್ಲಗೆ ಕೈ ಹೊರಗೆ ತೆಗೆದು ಅವಳ ಗ್ಲೌಸನ್ನು ಮುಟ್ಟಿ ದಪ್ಪ ಪರೀಕ್ಷಿಸಿದರು. ಹೆಗಲ ಪಟ್ಟಿಯನ್ನು ಎಳೆದು ನೋಡಿದರು. ಆಮೇಲೆ ಅವರ ಕಣ್ಣು ಅವಳ ಕೊರಳ ಬಳಿ ನಿಂತಿತು.

"ಇಲ್ಲಿ?" ಎಂದರು ಹುಡುಗಿಯ ಕಡೆ ತಿರುಗಿ. "ಇಲ್ಲಿಗೆ ಏನು ಹಾಕಿದೀರಿ?"

ಹುಡುಗಿ ನಾಲಗೆ ಕಚ್ಚಿಕೊಂಡಳು. "ಇದೆ ಸರ್. ಕಟ್ಟೋದರಲ್ಲೇ ಇದ್ದೆ," ಎಂದು ಪೆಟ್ಟಿಗೆಯಿಂದ ಸೀಸದ ಕೊರಳುಪಟ್ಟಿ ತೆಗೆದಳು. ಅಂಟುಪಟ್ಟಿ ಸವೆದು ಹೋಗಿದ್ದರಿಂದ ಅದಕ್ಕೆ ಎರಡು ಲಾಡಿ ಹೊಲಿಸಿದ್ದಳು. ಹತ್ತಿಯಕ್ಕನಿಗೆ ಕಟ್ಟಲು ಕೈ ಎತ್ತಿದಾಗ ಹಿರಿಯರು ಕೈ ಚಾಚಿ ಅದನ್ನು ಕೇಳಿದರು.

ಅವಳು ಇನ್ನಷ್ಟು ಬಗ್ಗಿ ಕತ್ತು ಕೊಟ್ಟಳು. ಪಟ್ಟಿ ಗಲ್ಲದ ಕೆಳಗೆ ಬಂದು ಕೂತಿತು. ಅವರ ಎರಡು ಕೈಗಳೂ ಅವಳ ಕತ್ತಿನ ಹಿಂದೆ ಹೋದವು. ಮೋಟು ಬೆರಳಿಗೆ ಲಾಡಿ ಸಿಗುತ್ತಿರಲಿಲ್ಲ, ಎರಡು ಸಲ ಜಾರಿತು. ಯಾರೂ ಸಹಾಯಕ್ಕೆ ಬರಲಿಲ್ಲ. ಹುಡುಗಿ ಯಂತ್ರದ ಗುಂಡಿಗಳನ್ನು ನೋಡುತ್ತಿರುವಂತೆ ತಲೆ ತಗ್ಗಿಸಿದ್ದಳು. ಹೊರಗೆ ಕಂಡಕ್ಟರ್ ಅಜ್ಜ "ಏನಾಗ್ತಿದೆ ಒಳಗೆ" ಎಂದು ಕೇಳಿದ್ದಕ್ಕೆ ಮೇಟ್ರನ್ "ಶ್" ಎಂದದ್ದು ಕೇಳಿಸಿತು. ಡಾಕ್ಟರ ಉಸಿರು, ಔಷಧಿಯ ಗಮಟಿನ ಉಸಿರು, ಹತ್ತಿಯಕ್ಕನ ಕಿವಿಗೆ ತಾಗುತ್ತಿತ್ತು. ಅಷ್ಟು ವರ್ಷಗಳಲ್ಲಿ ಅವರು ಅವಳನ್ನು ಮುಟ್ಟಿದ್ದು ಉಪಕರಣ ಕೊಡುವಾಗ, ಅದೂ ಗ್ಲೌಸಿನ ತುದಿಯಿಂದ. ಮೂರನೆಯ ಸಲ ಲಾಡಿ ಸಿಕ್ಕಿತು. ಗಾಯಕ್ಕೆ ಹೊಲಿಗೆ ಹಾಕುವವರು ಹಾಕುವಂಥ ಗಂಟು ಹಾಕಿ, ಎಳೆದು ಬಿಗಿದು, ಪಟ್ಟಿಯ ಮೇಲಂಚನ್ನು ಗಲ್ಲದವರೆಗೆ ಎತ್ತಿ ಸರಿಪಡಿಸಿದರು.

"ಹ್ಞಾ," ಎಂದರು. ಬಾಯಿ ತೆರೆದರು.

ಬಿಲ್ಲೆ ಒಳಗೆ ಹೋಯಿತು. ಹತ್ತಿಯಕ್ಕ ತೋಳು ಚಾಚಿ ಕಡ್ಡಿಯ ತುದಿ ಹಿಡಿದಳು. ಅವರ ದವಡೆಯ ನಡುಕ ಕಡ್ಡಿಗುಂಟ ಬಂದು ಅಷ್ಟು ದಪ್ಪದ ಗ್ಲೌಸಿನೊಳಗೂ ಅವಳಿಗೆ ಗೊತ್ತಾಗುತ್ತಿತ್ತು. ಹುಡುಗಿ ಯಂತ್ರವನ್ನು ಎದೆಯ ಮಟ್ಟಕ್ಕೆ ಎತ್ತಿ, ತಟ್ಟೆ ತನ್ನ ಮೈಗೂ ಅವರ ಮುಖಕ್ಕೂ ನಡುವೆ ನೇರ ಇದೆಯೇ ಎಂದು ನೋಡಿಕೊಂಡು, "ಈಗ," ಎಂದಳು. ಹತ್ತಿಯಕ್ಕ ಮುಖ ತಿರುಗಿಸಿದಳು. ಕಿಟಕಿಯಾಚೆ ಹಗ್ಗದ ಮೇಲೆ ಯಾರದೋ ಬಿಳಿಯ ಅಂಗಿಗಳು ಒಣಗುತ್ತಿದ್ದವು. ಟಿಕ್ ಎಂದಿತು.

ತಂತಿಯ ಇನ್ನೊಂದು ತುದಿಯಲ್ಲಿದ್ದ ಲ್ಯಾಪ್‌ಟಾಪಿನ ಪರದೆಯ ಮೇಲೆ ಮೂರು ಬೇರುಗಳು ಮೂಡಿದವು. ನಡುವಿನ ಬೇರಿನ ಬುಡದಲ್ಲಿ ದುಂಡನೆಯ ಕಪ್ಪು ನೆರಳು. "ಸಿಕ್ತು," ಎಂದಳು ಹುಡುಗಿ, ಉಸಿರು ಬಿಟ್ಟು. "ನಡುವಿನದೊಂದೇ. ಮೊದಲು ಮಾತ್ರೆಯಿಂದ ಕೀವು ಇಳೀಲಿ. ಆಮೇಲೆ ಆ ಜಾಗಕ್ಕೆ ಮಾತ್ರ ಇಂಜೆಕ್ಷನ್ ಕೊಟ್ಟು, ಕವಚ ಕತ್ತರಿಸಿ ಇಲ್ಲೇ ತೆಗೀತೀನಿ. ಮೇಡಂ, ಗಾಡಿ ಬೇಡ ಅಂದುಬಿಡಿ."

ಮೇಟ್ರನ್ ಫೋನಿಗೆ ಓಡಿದರು. ಕಂಡಕ್ಟರ್ ಅಜ್ಜ ಒಳಗೆ ಬಂದು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, "ಇಷ್ಟಕ್ಕೆ ಇಷ್ಟೆಲ್ಲ ಗಲಾಟೆಯಾ," ಎಂದು ತಮ್ಮ ಮಂಚಕ್ಕೆ ಹೋದರು.

ಹಿರಿಯ ಡಾಕ್ಟರಿಗೆ ನೋವಿನ ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ಮುಖದ ಬಿಗಿ ಸಡಿಲಿತು. ಬಿಸಿ ಮಾಡಿ ತಂದ ಸೇಬನ್ನು ಹತ್ತಿಯಕ್ಕ ಚಮಚದಲ್ಲಿ ಕೊಟ್ಟಾಗ ಬಲಗೆನ್ನೆಯಲ್ಲಿ ಅಷ್ಟಷ್ಟೇ ಇಟ್ಟುಕೊಂಡು ನುಂಗಿದರು. "ಯಾವ ಹಲ್ಲು?" ಎಂದು ಅವಳನ್ನು ಒಮ್ಮೆ ಕೇಳಿದರು. "ಯಾವುದೂ ಇಲ್ಲ ಡಾಕ್ಟ್ರೇ, ಎಲ್ಲ ಚೆನ್ನಾಗಿವೆ," ಎಂದಳು. ಅದು ಅವರಿಗೆ ಸಮಾಧಾನ ತಂದಂತೆ ಕಂಡಿತು. ಡಬ್ಬಿ ಅರ್ಧ ಆಗುವಷ್ಟರಲ್ಲಿ ನಿದ್ದೆ ಬಂತು.

ಹುಡುಗಿ ಏಪ್ರನ್‌ಗಳನ್ನು ಮಡಚದೆ, ಸೀಸಕ್ಕೆ ಬಿರುಕು ಬೀಳದ ಹಾಗೆ ಕೋಲಿಗೆ ನೇತುಹಾಕಿದಳು. ಗ್ಲೌಸ್ ಎತ್ತಿಟ್ಟಳು. ಯಂತ್ರವನ್ನು ಪೆಟ್ಟಿಗೆಯಲ್ಲಿ ಕೂರಿಸಿ ಮುಚ್ಚಳ ಹಾಕುವಾಗ ಹತ್ತಿಯಕ್ಕನ ಕೊರಳಲ್ಲಿ ಇನ್ನೂ ಇದ್ದ ಪಟ್ಟಿಯ ಕಡೆ ಕಣ್ಣು ಹೋಯಿತು. ಹತ್ತಿಯಕ್ಕನೂ ಅದನ್ನು ಗಮನಿಸಿ, ತಪ್ಪು ಮಾಡಿದವಳಂತೆ ಕೈಯನ್ನು ಕತ್ತಿನ ಹಿಂದಕ್ಕೆ ಒಯ್ದಳು.

"ಇರಲಿ ಅಮ್ಮ," ಎಂದಳು ಹುಡುಗಿ. "ಆ ಕಡೆ ಕೋಣೇಲಿ ಇನ್ನೂ ಒಬ್ಬರನ್ನ ನೋಡಬೇಕು. ಅಲ್ಲಿಗೆ ಬೇರೆ ಇದೆ ನನ್ನ ಹತ್ರ. ಹೋಗೋವಾಗ ಇಸ್ಕೋತೀನಿ."

ಅವಳು ಪೆಟ್ಟಿಗೆ ಎತ್ತಿಕೊಂಡು ಹೋದಳು. ಭೇಟಿಯ ಹೊತ್ತು ಮುಗಿದ ಗಂಟೆ ಹಾಲಿನಲ್ಲಿ ಹೊಡೆಯಿತು. ಬೆತ್ತದ ಕುರ್ಚಿಗಳು ಸರಿದವು, ಚಪ್ಪಲಿಗಳ ಸದ್ದು ಮೆಟ್ಟಿಲಿಳಿಯಿತು. ಮೇಟ್ರನ್ ಬಾಗಿಲಿಗೆ ಬಂದು ನೋಡಿದರು. ಒಂದು ಕುರ್ಚಿಯನ್ನು ತಂದು ಮಂಚದ ಪಕ್ಕ ಇಟ್ಟು ಹೊರಟುಹೋದರು.

ಹತ್ತಿಯಕ್ಕ ಕೂತಳು. ಪಟ್ಟಿ ಗಲ್ಲವನ್ನು ಎತ್ತಿ ಹಿಡಿದಿದ್ದರಿಂದ ತಲೆ ತಗ್ಗಿಸಲು ಆಗುತ್ತಿರಲಿಲ್ಲ. ಹಾಗಾಗಿ ಅವಳು ನೇರವಾಗಿ ಅವರ ಮುಖವನ್ನೇ ನೋಡುತ್ತ ಕೂತಳು. ಒಂದು ಕೈ ಕತ್ತಿನ ಹಿಂದೆ, ಗಂಟಿನ ಮೇಲೆ ಇತ್ತು. ಬಿಚ್ಚುತ್ತಿರಲಿಲ್ಲ.